ಅದೇ ಕಾಲಿಗೆ ಮೂರನೆಯ ಎಕ್ಸ್‌ರೇ

ತೆಲಂಗಾಣದ ಜಹೀರಾಬಾದಿನಿಂದ ಕರ್ನಾಟಕದ ಬೀದರಿಗೆ ಹೊರಡುವ ಬಸ್ಸಿನಲ್ಲಿ ಮಡಿಲಲ್ಲೊಂದು ಮಗು, ಕೈಯಲ್ಲೊಂದು ದೊಡ್ಡ ಲಕೋಟೆ ಹಿಡಿದು ಕೂತ ತಾಯಂದಿರು ಆಗಾಗ ಕಾಣುತ್ತಾರೆ. ಲಕೋಟೆಯೊಳಗೆ ಎಕ್ಸ್‌ರೇ ಫಿಲ್ಮು. ನೂಕುನುಗ್ಗಲಿನಲ್ಲಿ ಅದು ಮಡಿಚಿರುತ್ತದೆ, ಸೆಕೆಗೆ ಒಂದಕ್ಕೊಂದು ಅಂಟಿರುತ್ತದೆ. ಜಹೀರಾಬಾದ್ ಬಳಿಯ ಮೊಗುಡಂಪಲ್ಲಿ ಮಂಡಲದ ಊರುಗಳಿಗೆ ಹೈದರಾಬಾದಿಗಿಂತ ಬೀದರ್ ಬಹಳ ಹತ್ತಿರ. ಅನೇಕ ಮನೆಗಳಲ್ಲಿ ಮಾತು ಕನ್ನಡ, ಸಂತೆಯಲ್ಲಿ ತೆಲುಗು ಮತ್ತು ಉರ್ದು, ಬೀಗರು ಗಡಿಯಾಚೆ. ಮಗುವಿನ ಕಾಲು ಸೊಟ್ಟಗೆ ಬೆಳೆಯುತ್ತಿದೆ ಎಂದೋ, ಓಡುವಾಗ ಕುಂಟುತ್ತದೆ ಎಂದೋ ಸಂಶಯ ಬಂದರೆ ಮೊದಲ ಎಕ್ಸ್‌ರೇ ಜಹೀರಾಬಾದಿನಲ್ಲಿ, ಎರಡನೆಯದು ಬೀದರಿನಲ್ಲಿ, ಅಲ್ಲೂ ತೀರ್ಮಾನವಾಗದಿದ್ದರೆ ಮೂರನೆಯದು ಹೈದರಾಬಾದಿನಲ್ಲಿ. ನಾರಾಯಣಖೇಡದವರ ದಾರಿಯೂ ಹೆಚ್ಚುಕಡಿಮೆ ಇದೇ. ತಾಂಡೂರಿನವರು ರೈಲು ಹತ್ತಿ ಕಲಬುರಗಿಗೋ ಹೈದರಾಬಾದಿಗೋ ಹೋಗುತ್ತಾರೆ.

'ಇದರಾಗ ಸರಿಯಾಗಿ ಕಾಣಂಗಿಲ್ಲ, ಇನ್ನೊಂದು ತೆಗಿಸ್ಕೊಂಡು ಬರ್ರಿ' ಎಂಬ ಮಾತು ಈ ದಾರಿಯುದ್ದಕ್ಕೂ ಕೇಳಿಸುತ್ತದೆ. ಹೇಳಿದವರಿಗೂ ಕೇಳಿದವರಿಗೂ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಖರ್ಚು ಕೆಲವು ನೂರು ರೂಪಾಯಿ, ಸಮಯ ಅರ್ಧ ತಾಸು. ಆದರೆ ಆ ಮಗುವಿನ ಎಲುಬಿಗೆ ಬೇಕಿಲ್ಲದ ಒಂದು ವಿಕಿರಣ ಹೆಚ್ಚಾಯಿತು. ಅದನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ.

ಮಕ್ಕಳ ಮೂಳೆರೋಗಕ್ಕೆ 'ಕಡಿಮೆ ವಿಕಿರಣದ ತಪಾಸಣೆ' ಎಂದೊಡನೆ ಮಹಾನಗರದ ದೊಡ್ಡ ಆಸ್ಪತ್ರೆಯ ಕೋಟಿಗಟ್ಟಲೆ ಬೆಲೆಯ ಯಂತ್ರ ಕಣ್ಣಿಗೆ ಬರುತ್ತದೆ. ಅಂಥ ಯಂತ್ರಗಳಿವೆ, ಅವು ಅದ್ಭುತವಾಗಿಯೂ ಇವೆ. ಆದರೆ ಗಡಿಯ ಈ ಮೂರು ತಾಲೂಕುಗಳ ಮಗುವಿಗೆ ಬೇಕಾದ ಮುಕ್ಕಾಲು ಪಾಲು ಉಪಾಯಗಳು ಈಗಿರುವ ಎಕ್ಸ್‌ರೇ ಕೋಣೆಯಲ್ಲಿ, ಬಸುರಿಯರ ತಪಾಸಣೆಗಿರುವ ಸ್ಕ್ಯಾನಿಂಗ್ ಯಂತ್ರದಲ್ಲಿ, ಒಂದು ದವಾಖಾನೆಯ ಚಿತ್ರ ಇನ್ನೊಂದರಲ್ಲಿ ತೆರೆಯುವ ವ್ಯವಸ್ಥೆಯಲ್ಲಿ ಇವೆ. ಅವುಗಳನ್ನು ಬಳಸದೆ ದೊಡ್ಡ ಯಂತ್ರಕ್ಕೆ ಕಾಯುತ್ತ ಕೂರುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ವೈದ್ಯರು ಕಾರಣ ಹೇಳಿ ಬರೆದ ಎಕ್ಸ್‌ರೇಯನ್ನು ಭಯದಿಂದ ಯಾರೂ ಬೇಡ ಎನ್ನಬಾರದು. ನೆಲದಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ತಾನಾಗಿಯೇ ತಗಲುತ್ತದೆ. ಮಗುವಿನ ಅಂಗೈಯ ಒಂದು ಎಕ್ಸ್‌ರೇಯಿಂದ ಬರುವುದು ಅದರ ಕೆಲವೇ ತಾಸುಗಳ ಪಾಲು. ಸೊಂಟ ಮತ್ತು ಬೆನ್ನೆಲುಬಿನ ಎಕ್ಸ್‌ರೇಗೆ ಇದಕ್ಕಿಂತ ಬಹಳ ಹೆಚ್ಚು ಬೇಕು. ಸಿಟಿ ಸ್ಕ್ಯಾನಿನದಂತೂ ಬೇರೆಯೇ ಲೆಕ್ಕ, ಅಂಗೈ ಎಕ್ಸ್‌ರೇಯ ನೂರಾರು ಪಟ್ಟು, ಕೆಲವೊಮ್ಮೆ ಸಾವಿರಾರು ಪಟ್ಟು.

ಮಕ್ಕಳ ವಿಷಯದಲ್ಲಿ ಇಷ್ಟು ಎಚ್ಚರ ಏಕೆಂದರೆ ಬೆಳೆಯುವ ದೇಹದಲ್ಲಿ ಜೀವಕೋಶಗಳು ಬಿಡುವಿಲ್ಲದೆ ಒಡೆದು ಹೆಚ್ಚುತ್ತಿರುತ್ತವೆ. ವಿಕಿರಣ ಹಾನಿ ಮಾಡುವುದು ಅಂಥ ಕೋಶಗಳಿಗೇ ಹೆಚ್ಚು. ದೊಡ್ಡವರಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆ ಬಹುಪಾಲು ಬೆನ್ನು, ಪಕ್ಕೆಲುಬು, ಸೊಂಟದ ಎಲುಬುಗಳಿಗೆ ಸೀಮಿತ. ಎಳೆಯ ಮಗುವಿನಲ್ಲಿ ಅದು ತೊಡೆ, ಮೊಣಕಾಲು, ಕೈ ಎಲ್ಲೆಡೆ ಹರಡಿರುತ್ತದೆ. ಮೇಲಾಗಿ ಮಗುವಿಗೆ ಮುಂದೆ ಬಾಳಲು ಎಪ್ಪತ್ತು ಎಂಬತ್ತು ವರ್ಷಗಳಿವೆ, ಹಾನಿ ತಲೆ ಎತ್ತಲು ಅಷ್ಟು ಕಾಲವಿದೆ.

ಈ ಎಚ್ಚರ ಹುಟ್ಟಿದ್ದು ಊಹೆಯಿಂದಲ್ಲ. ಬೆನ್ನು ಡೊಂಕಾಗಿ ಬೆಳೆಯುವ ಸ್ಕೋಲಿಯೋಸಿಸ್ ಎಂಬ ತೊಂದರೆಯಿದ್ದ ಅಮೆರಿಕದ 5,573 ಹೆಣ್ಣುಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದು 2000ರಲ್ಲಿ ಪ್ರಕಟವಾಯಿತು. ಡೊಂಕು ಎಷ್ಟು ಹೆಚ್ಚಾಯಿತು ಎಂದು ನೋಡಲು ಒಬ್ಬೊಬ್ಬರಿಗೂ ಸರಾಸರಿ 25ರಷ್ಟು ಎಕ್ಸ್‌ರೇ ತೆಗೆದಿದ್ದರು. ಸಾಮಾನ್ಯ ಲೆಕ್ಕದಲ್ಲಿ ಅವರಲ್ಲಿ 46 ಮಂದಿ ಸ್ತನ ಕ್ಯಾನ್ಸರಿನಿಂದ ಸಾಯಬೇಕಿತ್ತು, ಸತ್ತವರು 77 ಮಂದಿ. ಬೆಳೆಯುವ ಹುಡುಗಿಯ ಎದೆಗೆ ಮುಂದಿನಿಂದ ಕಿರಣ ಬಿಟ್ಟಿದ್ದು ಇದಕ್ಕೆ ಒಂದು ಕಾರಣವಿರಬಹುದು. ಆಕೆಯನ್ನು ತಿರುಗಿಸಿ ನಿಲ್ಲಿಸಿ ಬೆನ್ನ ಕಡೆಯಿಂದ ಕಿರಣ ಬಿಟ್ಟರೆ ಎದೆಗೆ ತಾಗುವ ಪಾಲು ಹಲವು ಪಟ್ಟು ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಸಿಟಿ ಸ್ಕ್ಯಾನಿನ ಬಗ್ಗೆ 2023ರಲ್ಲಿ ಯುರೋಪಿನ ಒಂಬತ್ತು ದೇಶಗಳ ಸುಮಾರು 9.5 ಲಕ್ಷ ಮಕ್ಕಳು ಮತ್ತು ಯುವಕರ ಲೆಕ್ಕ ಹೊರಬಂತು. ಇಂದಿನ ಸಾಮಾನ್ಯ ಪ್ರಮಾಣದ ಒಂದು ಸ್ಕ್ಯಾನಿಗೆ ಒಳಗಾದ ಪ್ರತಿ 10,000 ಮಕ್ಕಳಲ್ಲಿ ಮುಂದಿನ 12 ವರ್ಷಗಳಲ್ಲಿ ಒಂದೆರಡು ಮಕ್ಕಳಿಗೆ ಆ ಕಾರಣದಿಂದ ರಕ್ತದ ಕ್ಯಾನ್ಸರ್ ಬರಬಹುದು ಎಂದು ಅದು ಹೇಳಿತು. ಒಂದು ಮಗುವಿನ ಮಟ್ಟಿಗೆ ಅಪಾಯ ತೀರ ಚಿಕ್ಕದು. ದೇಶದ ಮಕ್ಕಳೆಲ್ಲರ ಲೆಕ್ಕ ಹಿಡಿದರೆ ಅದು ಚಿಕ್ಕದಲ್ಲ.

ಎಲುಬಿನ ಚಿತ್ರಕ್ಕೂ ಈ ನೆಲಕ್ಕೂ ಇರುವ ನಂಟು ಹಳೆಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ವರದಿ ಬರೆದರು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪ್ರದೇಶದ ಮಕ್ಕಳ ಮಂಡಿಗಳು ಒಂದಕ್ಕೊಂದು ತಾಗುವಂತೆ ಒಳಬಾಗಿದ್ದವು, ಎಲುಬು ಕ್ಷೀಣಿಸಿತ್ತು. ಅದನ್ನು ಲೋಕಕ್ಕೆ ತೋರಿಸಿಕೊಟ್ಟದ್ದರಲ್ಲಿ ಎಕ್ಸ್‌ರೇಯ ಪಾಲು ದೊಡ್ಡದು. ಅದೇ ಕೃಷ್ಣಮಾಚಾರಿಯವರು ಕೆಲವೇ ವರ್ಷಗಳಲ್ಲಿ ಮಲೆನಾಡಿಗೆ ಬಂದರು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಕಾರರ ಮನೆಗಳ ಮಕ್ಕಳು, ಹರೆಯದವರು ಸೊಂಟ ಮತ್ತು ಮಂಡಿ ನೋವಿನಿಂದ ನೆಲಹಿಡಿಯುತ್ತಿದ್ದರು, ಕೆಲವರು ಎತ್ತರ ಬೆಳೆಯದೆ ಕುಳ್ಳಾಗಿ ಉಳಿಯುತ್ತಿದ್ದರು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣ ಎಂಬ ಸಂಶಯ ಮೊದಲು ಇತ್ತು. ಸೊಂಟದ ಕೀಲು, ಬೆನ್ನೆಲುಬುಗಳ ಎಕ್ಸ್‌ರೇಗಳನ್ನು ಒಟ್ಟಿಗಿಟ್ಟು, ಮನೆತನಗಳ ವಂಶಾವಳಿಯೊಂದಿಗೆ ಹೋಲಿಸಿ ನೋಡಿದ ಮೇಲೆ ಇದು ವಂಶದಲ್ಲಿ ಇಳಿದು ಬರುವ ಎಲುಬಿನ ಬೆಳವಣಿಗೆಯ ದೋಷ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ತೋರಿಸಿದವು. ವೈದ್ಯಲೋಕದಲ್ಲಿ ಇಂದಿಗೂ ಅದರ ಹೆಸರು ಹಂದಿಗೋಡು ಕಾಯಿಲೆ.

ಹಾಗಾಗಿ ಎಕ್ಸ್‌ರೇಯನ್ನು ಶತ್ರು ಎಂದು ತಿಳಿಯಬೇಕಾಗಿಲ್ಲ. ಆ ಚಿತ್ರಗಳಿಲ್ಲದಿದ್ದರೆ ಹಂದಿಗೋಡಿನ ಮಕ್ಕಳ ನೋವಿನ ಕಾರಣ ಏಡಿಯ ಸುತ್ತಲೇ ಇನ್ನೂ ಬಹುಕಾಲ ಸುತ್ತುತ್ತಿತ್ತು. ಒಂದೇ ಚಿತ್ರದಿಂದ ಹೆಚ್ಚು ತಿಳಿಯುವುದು ಹೇಗೆ, ಯಾವ ಮಗುವಿಗೆ ಚಿತ್ರವೇ ಬೇಡ ಎಂಬುದನ್ನು ಕಲಿಯಬೇಕು.

ಚಿತ್ರವೇ ಬೇಡದ ಮಕ್ಕಳು ಬಹಳ. ನಡೆಯಲು ಕಲಿಯುವ ಕೂಸಿನ ಕಾಲು ಬಿಲ್ಲಿನಂತೆ ಹೊರಬಾಗಿರುವುದು ಎರಡು ವರ್ಷದವರೆಗೆ ಸಹಜ. ಮೂರು ನಾಲ್ಕರ ವಯಸ್ಸಿನಲ್ಲಿ ಅದೇ ಕಾಲು ಒಳಬಾಗಿ ಮಂಡಿಗೆ ಮಂಡಿ ತಾಗುತ್ತದೆ, ಏಳರ ಹೊತ್ತಿಗೆ ತಾನಾಗಿ ನೇರವಾಗುತ್ತದೆ. ಮಗುವನ್ನು ಮಲಗಿಸಿ, ಕಾಲು ಹೊರಬಾಗಿದ್ದರೆ ಎರಡು ಮಂಡಿಗಳ ನಡುವೆ, ಒಳಬಾಗಿದ್ದರೆ ಎರಡು ಕಣಕಾಲುಗಳ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ಎಂದು ನೋಡಿ, ಚೀಟಿಯಲ್ಲಿ ಬರೆದು, ಆರು ತಿಂಗಳ ಮೇಲೆ ಮತ್ತೆ ಅಳೆಯುವುದು ಅನೇಕ ಸಲ ಸಾಕು. ಒಂದೇ ಕಾಲು ಬಾಗಿದ್ದರೆ, ನೋವಿದ್ದರೆ, ಮಗು ಓರಗೆಯವರಿಗಿಂತ ಕುಳ್ಳಾಗಿದ್ದರೆ, ಬಾಗು ಹೆಚ್ಚುತ್ತಲೇ ಹೋದರೆ ಆಗ ಎಕ್ಸ್‌ರೇ ಬೇಕೇ ಬೇಕು. ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಎಂಬ ಸಂಶಯವಿದ್ದರೆ ರಕ್ತಪರೀಕ್ಷೆಯ ಜೊತೆಗೆ ಒಂದು ಮಣಿಕಟ್ಟು ಅಥವಾ ಒಂದು ಮಂಡಿಯ ಚಿತ್ರದಲ್ಲೇ ಅದು ತಿಳಿಯುತ್ತದೆ. ಬೆಳೆಯುವ ಎಲುಬಿನ ತುದಿ ಬಟ್ಟಲಿನಂತೆ ಅಗಲವಾಗಿ, ಅಂಚು ಹರಿದ ಬಟ್ಟೆಯ ದಾರಗಳಂತೆ ಕಾಣುತ್ತದೆ. ಫ್ಲೋರೈಡಿನ ಸಂಶಯವಿದ್ದರೆ ಮೊದಲು ಬೋರ್‌ವೆಲ್ಲಿನ ನೀರು ಮತ್ತು ಮೂತ್ರ ಪರೀಕ್ಷಿಸಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಫ್ಲೋರೈಡ್ ಸಮ್ಮತ, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಆ ಮೇಲೂ ಚಿತ್ರ ಬೇಕೆನಿಸಿದರೆ ಮುಂಗೈ ಒಂದೇ ಸಾಕಾಗಬಹುದು. ಅಲ್ಲಿನ ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾಗಿ ಸುಣ್ಣಗಟ್ಟುವುದು ಫ್ಲೋರೋಸಿಸ್‌ನ ಪ್ರಸಿದ್ಧ ಗುರುತು.

ಇನ್ನು ಎಕ್ಸ್‌ರೇ ಕೋಣೆಯೊಳಗೆ ಬರೋಣ. ಹಳೆಯ ಫಿಲ್ಮಿನ ಕಾಲದಲ್ಲಿ ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗುತ್ತಿತ್ತು, ಟೆಕ್ನೀಷಿಯನ್‌ಗೆ ತಪ್ಪು ತಕ್ಷಣ ತಿಳಿಯುತ್ತಿತ್ತು. ಈಗ ಬಹುತೇಕ ಎಲ್ಲ ಕಡೆ ಡಿಜಿಟಲ್. ಕಿರಣ ಹೆಚ್ಚಾದರೂ ಕಂಪ್ಯೂಟರ್ ಅದನ್ನು ತಿದ್ದಿ ಸುಂದರ ಚಿತ್ರವನ್ನೇ ಕೊಡುತ್ತದೆ. ಕಡಿಮೆಯಾದರೆ ಮಾತ್ರ ಚಿತ್ರ ಮರಳು ಮರಳಾಗಿ ಕಾಣುತ್ತದೆ, ವೈದ್ಯರು ಗದರುತ್ತಾರೆ. ಗದರಿಸಿಕೊಳ್ಳುವ ಬದಲು ಸ್ವಲ್ಪ ಹೆಚ್ಚೇ ಬಿಡೋಣ ಎಂದು ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಜಗತ್ತಿನೆಲ್ಲೆಡೆ ಗುರುತಿಸಲಾದ ತೊಂದರೆ ಇದು. ಡಿಜಿಟಲ್ ಬಂದ ಮೇಲೆ ವಿಕಿರಣ ತಾನೇ ಕಡಿಮೆಯಾಯಿತು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಪ್ರತಿ ಚಿತ್ರದ ಜೊತೆಗೂ ಯಂತ್ರ ಒಂದು ಸೂಚ್ಯಂಕ ತೋರಿಸುತ್ತದೆ, ಕಿರಣ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಅದು ಹೇಳುತ್ತದೆ. ಅದನ್ನು ಓದುವ ರೂಢಿ ಬರಬೇಕು.

ಮೇಜಿನ ಮೇಲೆ ಮಗುವನ್ನು ಮಲಗಿಸಿದಾಗ ಯಂತ್ರದಿಂದ ಹಳದಿ ಬೆಳಕಿನ ಚೌಕವೊಂದು ಮೈಮೇಲೆ ಬೀಳುತ್ತದೆ, ನಡುವೆ ಅಡ್ಡಗೆರೆ ಉದ್ದಗೆರೆಯ ಗುರುತು. ಕಿರಣ ಬೀಳುವುದು ಆ ಚೌಕದಷ್ಟು ಜಾಗಕ್ಕೆ. ಮಂಡಿಯ ಚಿತ್ರಕ್ಕೆ ಚೌಕ ಮಂಡಿಯಷ್ಟೇ ಇರಬೇಕು. ಅದನ್ನು ಕಿರಿದು ಮಾಡಲು ಒಂದು ಗುಂಡಿ ತಿರುಗಿಸಿದರೆ ಸಾಕು, ಎರಡು ಸೆಕೆಂಡಿನ ಕೆಲಸ. ಹಾಗೆ ಮಾಡದಿದ್ದರೆ ಮಂಡಿಯ ಜೊತೆಗೆ ಕಿಬ್ಬೊಟ್ಟೆಗೂ ಕಿರಣ ಬೀಳುತ್ತದೆ. ಇನ್ನೊಂದು ಗ್ರಿಡ್ ಎಂಬ ಸೀಸದ ಪಟ್ಟಿಗಳ ಜಾಲರಿ. ದಪ್ಪ ಮೈಯ ದೊಡ್ಡವರ ಚಿತ್ರ ಮಸುಕಾಗದಿರಲಿ ಎಂದು ಅದನ್ನು ಇಡುತ್ತಾರೆ. ಹತ್ತು ಹನ್ನೆರಡು ಸೆಂಟಿಮೀಟರಿಗಿಂತ ತೆಳುವಾದ ಮಗುವಿನ ಮೈಗೆ ಅದು ಬೇಡವೇ ಬೇಡ. ತೆಗೆದಿಟ್ಟರೆ ಕಿರಣದ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿಯಬಹುದು. ದೊಡ್ಡವರಿಗೆ ಹೊಂದಿಸಿಟ್ಟ ಯಂತ್ರದಲ್ಲೇ, ಅದೇ ಸಂಖ್ಯೆಗಳಲ್ಲಿ ಮಗುವಿನ ಚಿತ್ರವನ್ನೂ ತೆಗೆದುಬಿಡುವುದು ತಪ್ಪು. ಮಗುವಿನ ತೂಕಕ್ಕೆ ತಕ್ಕಂತೆ ಯಂತ್ರವನ್ನು ಎಲ್ಲಿಗೆ ಹೊಂದಿಸಬೇಕು ಎಂಬ ಒಂದು ಹಾಳೆಯ ಪಟ್ಟಿ ಆ ಕೋಣೆಯ ಗೋಡೆಯ ಮೇಲಿರಬೇಕು. ಮಕ್ಕಳ ವಿಕಿರಣ ಕಡಿಮೆ ಮಾಡಲು 2008ರಲ್ಲಿ ಅಮೆರಿಕದ ವೈದ್ಯಸಂಘಗಳು ಆರಂಭಿಸಿದ 'ಇಮೇಜ್ ಜೆಂಟ್ಲಿ' ಎಂಬ ಆಂದೋಲನದ ತಿರುಳೂ ಇಷ್ಟೇ: ಮಗುವಿನ ಅಳತೆಗೆ ತಕ್ಕ ಕಿರಣ.

ಕೋಟಿ ಬೆಲೆಯ ಯಂತ್ರದ ಕಥೆಯನ್ನೂ ಹೇಳಬೇಕು, ಅದು ಹೇಳುವಂಥದ್ದೇ. ಪೋಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ಜಾರ್ಜ್ ಷಾರ್ಪಾಕ್ ನಾಜಿಗಳ ಡಖಾವ್ ಶಿಬಿರದಲ್ಲಿ ಬದುಕುಳಿದು ಭೌತವಿಜ್ಞಾನಿಯಾದವರು. ಅಣುಕಣಗಳನ್ನು ಹಿಡಿಯಲು ಅವರು ರೂಪಿಸಿದ ತಂತಿಗಳ ಪೆಟ್ಟಿಗೆಗೆ 1992ರಲ್ಲಿ ನೊಬೆಲ್ ಬಂತು. ಕಿರಣದ ಒಂದೊಂದು ಹನಿಯನ್ನೂ ಲೆಕ್ಕ ಹಿಡಿಯುವ ಆ ಜಾಣತನವೇ ಮುಂದೆ ಇಒಎಸ್ ಎಂಬ ಎಕ್ಸ್‌ರೇ ಯಂತ್ರವಾಯಿತು. ಮಗು ಅದರೊಳಗೆ ನಿಂತುಕೊಳ್ಳುತ್ತದೆ. ಎರಡು ತೆಳ್ಳನೆಯ ಕಿರಣದ ಪಟ್ಟಿಗಳು ಮುಂದಿನಿಂದಲೂ ಪಕ್ಕದಿಂದಲೂ ಏಕಕಾಲಕ್ಕೆ ತಲೆಯಿಂದ ಕಾಲಿನವರೆಗೆ ಇಳಿಯುತ್ತವೆ. ಸಾಮಾನ್ಯ ಎಕ್ಸ್‌ರೇಗೆ ಬೇಕಾದದ್ದರ ಒಂದು ಸಣ್ಣ ಪಾಲು ವಿಕಿರಣದಲ್ಲಿ, ನಿಂತ ಭಂಗಿಯಲ್ಲಿ ಇಡೀ ಬೆನ್ನು ಮತ್ತು ಕಾಲುಗಳ ಚಿತ್ರ ಸಿಗುತ್ತದೆ. ಬೆನ್ನು ಡೊಂಕಾದ, ವರ್ಷಕ್ಕೆರಡು ಸಲ ಚಿತ್ರ ಬೇಕಾಗುವ ಮಗುವಿಗೆ ಇದೊಂದು ವರ. ಹೈದರಾಬಾದ್, ಬೆಂಗಳೂರಿನ ಸರ್ಕಾರಿ ಮೂಳೆ ಆಸ್ಪತ್ರೆಗಳು ಇಂಥದ್ದನ್ನು ತರಿಸಿಕೊಳ್ಳಲಿ, ಬೇಡ ಎನ್ನುವವರು ಯಾರು. ತಾಲೂಕು ಆಸ್ಪತ್ರೆಯ ಮಗುವಿಗೆ ಅದಕ್ಕೂ ಮೊದಲು ಬೇಕಾದದ್ದು ಬೇರೆ ಇದೆ.

ಅದು ವಿಕಿರಣವೇ ಇಲ್ಲದ ಅಲ್ಟ್ರಾಸೌಂಡ್. ಹಳ್ಳಿಯಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರದ್ದು ಎಂದೇ ಅರ್ಥ. ಆದರೆ ಹುಟ್ಟಿದ ಕೂಸಿನ ಸೊಂಟದ ಕೀಲು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮೊದಲ ಕೆಲವು ತಿಂಗಳು ತೊಡೆಮೂಳೆಯ ತಲೆ ಇನ್ನೂ ಮೃದ್ವಸ್ಥಿಯಾಗಿರುತ್ತದೆ, ಎಕ್ಸ್‌ರೇಗೆ ಅದು ಕಾಣುವುದೇ ಇಲ್ಲ. ಆ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಕಿರಣ ತಗಲುತ್ತದೆ, ಬೇಕಾದದ್ದು ತಿಳಿಯುವುದಿಲ್ಲ. ಆಸ್ಟ್ರಿಯಾದ ಮೂಳೆವೈದ್ಯ ರೈನ್‌ಹಾರ್ಡ್ ಗ್ರಾಫ್ 1980ರಲ್ಲಿ ಕೂಸಿನ ಸೊಂಟಕ್ಕೆ ಅಲ್ಟ್ರಾಸೌಂಡ್ ಹಚ್ಚಿ ಕೀಲಿನ ಗುಣಿಯ ಕೋನ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಕೋನ 60 ಡಿಗ್ರಿ ಅಥವಾ ಹೆಚ್ಚಿದ್ದರೆ ಕೀಲು ಸರಿಯಿದೆ. ಕಡಿಮೆಯಿದ್ದರೆ ಬಟ್ಟೆಯ ಪಟ್ಟಿಯಿಂದ ಕಾಲುಗಳನ್ನು ಅಗಲಿಸಿ ಕಟ್ಟಿ ಕೆಲವು ವಾರ ಇಟ್ಟರೆ ಬಹಳಷ್ಟು ಕೂಸುಗಳಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಸರಿಹೋಗುತ್ತದೆ. ನಡೆಯಲು ಶುರುಮಾಡಿ ಕುಂಟುವುದು ಕಂಡ ಮೇಲೆ ಪತ್ತೆಯಾದರೆ ಆಪರೇಷನ್, ಪ್ಲಾಸ್ಟರ್, ಜೊತೆಗೆ ವರ್ಷಗಟ್ಟಲೆ ಎಕ್ಸ್‌ರೇಗಳ ಸಾಲು. ಒಂದು ಹತ್ತು ನಿಮಿಷದ ಸ್ಕ್ಯಾನಿಂಗ್ ತಡೆಯಬಹುದಾದ ಸಾಲು ಅದು.

ಕೂಸನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಂಡು ಓಡಾಡುವ ನಮ್ಮ ತಾಯಂದಿರ ರೂಢಿ ಈ ಕೀಲಿಗೆ ಒಳ್ಳೆಯದು. ಎರಡೂ ಕಾಲು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಕೆಟ್ಟದ್ದು. ಇದನ್ನು ಆಶಾ ಕಾರ್ಯಕರ್ತೆಯರು ಬಾಣಂತಿಯರಿಗೆ ಹೇಳಬೇಕು.

ಎಂಆರ್‌ಐಗೂ ವಿಕಿರಣವಿಲ್ಲ. ಎಲುಬಿನೊಳಗಿನ ಕೀವು, ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಒಣಗುವ ಪರ್ತೀಸ್ ರೋಗ, ಎಲುಬಿನ ಗಡ್ಡೆ ಇವೆಲ್ಲ ಅದರಲ್ಲಿ ಬೇಗ ಕಾಣುತ್ತವೆ. ಸದ್ದಿಗೆ ಅಂಜಿ ಮಗು ಅಲುಗಾಡುತ್ತದೆ ಎಂದು ಅರಿವಳಿಕೆ ಕೊಡಬೇಕಾಗುವುದೇ ತೊಡಕು. ಎಳೆಗೂಸಿಗಾದರೆ ಹೊಟ್ಟೆತುಂಬ ಹಾಲು ಕುಡಿಸಿ, ಬೆಚ್ಚಗೆ ಸುತ್ತಿ ಮಲಗಿಸಿ, ನಿದ್ದೆಯಲ್ಲೇ ಸ್ಕ್ಯಾನ್ ಮುಗಿಸುವ ಕ್ರಮ ಈಗ ಹಲವು ಮಕ್ಕಳ ಆಸ್ಪತ್ರೆಗಳಲ್ಲಿದೆ.

ಚಿಕಿತ್ಸೆಗೆ ಸಂಬಂಧವೇ ಇಲ್ಲದ ಒಂದು ಎಕ್ಸ್‌ರೇ ಕೂಡ ಮಕ್ಕಳಿಗೆ ಬೀಳುತ್ತದೆ. ವಯಸ್ಸು ಸಾಬೀತು ಮಾಡಲು ಎಲುಬು ಕೂಡಿದೆಯೇ ಎಂದು ನೋಡುವ ಪರೀಕ್ಷೆ ಅದು. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ಇಲ್ಲದಾಗ ಮಾತ್ರ ಆ ಪರೀಕ್ಷೆಗೆ ಅವಕಾಶ. ಕಬ್ಬಿನ ಗದ್ದೆಗೆ, ಕಲ್ಲಿನ ಗಣಿಗೆ ದುಡಿಯಲು ಊರು ಬಿಟ್ಟು ಹೋಗುವ ಕುಟುಂಬಗಳ ಮಕ್ಕಳ ಜನನ ನೋಂದಣಿ ಇದಕ್ಕಾಗಿಯೂ ತಪ್ಪಬಾರದು.

ಯಂತ್ರಗಳ ಬಳಕೆಗೆ ಕಾನೂನು ಇಲ್ಲವೆಂದಲ್ಲ. ಎಕ್ಸ್‌ರೇ ಯಂತ್ರ ನಡೆಸಲು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, 2004ರ ವಿಕಿರಣ ಸಂರಕ್ಷಣಾ ನಿಯಮಗಳಿವೆ, ಅರ್ಜಿಯಿಂದ ಪರವಾನಗಿವರೆಗೆ ಎಲ್ಲವೂ ಆನ್‌ಲೈನ್. ಈಗಂತೂ ಕ್ಷಯರೋಗ ಪತ್ತೆಗೆ 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನಗಳ ಅಭಿಯಾನದಿಂದೀಚೆಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಹಳ್ಳಿಯ ಶಿಬಿರಗಳಿಗೂ ಬರುತ್ತಿವೆ. ಯಂತ್ರ ಊರಿಗೆ ಬಂದಷ್ಟೇ ವೇಗವಾಗಿ ಮಕ್ಕಳಿಗೆ ಅದನ್ನು ಹೇಗೆ ಬಳಸಬೇಕೆಂಬ ತರಬೇತಿಯೂ ಬರಬೇಕು.

ಬಸ್ಸಿನ ಆ ದೊಡ್ಡ ಲಕೋಟೆಯ ಮಾತಿಗೆ ಮರಳಿದರೆ, ಅದಕ್ಕೂ ದಾರಿಯಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಜಾರಿಯಾಯಿತು. ಅದರ 'ಆಭಾ' ಸಂಖ್ಯೆಯಿದ್ದರೆ ಒಂದು ಆಸ್ಪತ್ರೆಯ ದಾಖಲೆಯನ್ನು ರೋಗಿಯ ಒಪ್ಪಿಗೆಯ ಮೇಲೆ ಇನ್ನೊಂದು ಆಸ್ಪತ್ರೆ ನೋಡಬಹುದು, ರಾಜ್ಯ ಬೇರೆಯಾದರೂ ಸರಿ. ಸಂಗಾರೆಡ್ಡಿ, ವಿಕಾರಾಬಾದ್, ಬೀದರ್, ಕಲಬುರಗಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಒಂದು ದಿನ ಒಟ್ಟಿಗೆ ಕೂತು, ಮಕ್ಕಳ ಮೂಳೆಯ ಚಿತ್ರಗಳಿಂದಲೇ ಇದನ್ನು ಆರಂಭಿಸಬಹುದು. ಜಹೀರಾಬಾದಿನಲ್ಲಿ ತೆಗೆದ ಚಿತ್ರ ಬೀದರಿನ ವೈದ್ಯರ ಪರದೆಯ ಮೇಲೆ ತೆರೆದರೆ ಎರಡನೆಯ ಎಕ್ಸ್‌ರೇಯ ಮಾತೇ ಏಳುವುದಿಲ್ಲ. ಅದು ಆಗುವವರೆಗೆ ಫಿಲ್ಮಿನ ಜೊತೆಗೆ ಸಿಡಿ ಅಥವಾ ಫೋನಿಗೆ ಚಿತ್ರ ಕೊಡಿ ಎಂದು ಕೇಳುವ ಹಕ್ಕು ಪ್ರತಿ ತಂದೆತಾಯಿಗೂ ಇದೆ. ಹಳೆಯ ಚಿತ್ರಗಳನ್ನು ಮಡಿಚದೆ ಚಾಪೆಯ ಕೆಳಗೋ ಟ್ರಂಕಿನಲ್ಲೋ ಜೋಪಾನವಾಗಿಡಿ. ಹೊಸದನ್ನು ಬರೆದಾಗ 'ಹಳೇದು ಐತಿ, ಒಮ್ಮೆ ನೋಡ್ರಿ' ಎಂದು ಸಂಕೋಚವಿಲ್ಲದೆ ಹೇಳಿ.

ಹುಟ್ಟಿದ ಆರನೇ ವಾರಕ್ಕೆ ಪ್ರತಿ ಕೂಸೂ ಲಸಿಕೆಗೆ ಬರುತ್ತದೆ. ಸೊಂಟದ ಅಲ್ಟ್ರಾಸೌಂಡಿಗೆ ತಕ್ಕ ವಯಸ್ಸೂ ಅದೇ. ಕಾಲು ಕೆಳಗಾಗಿ ಹುಟ್ಟಿದ ಕೂಸು, ಮನೆಯಲ್ಲಿ ಯಾರಿಗಾದರೂ ಸೊಂಟದ ಕೀಲಿನ ತೊಂದರೆಯಿದ್ದ ಕೂಸು, ತೊಡೆ ಅಗಲಿಸಿದರೆ ಒಂದು ಕಡೆ ಬಿಗಿಯುವ ಕೂಸು, ಇಷ್ಟನ್ನು ಆ ದಿನ ಆರಿಸಿ ಸ್ಕ್ಯಾನಿಂಗಿಗೆ ಕಳಿಸಿದರೆ ಸಾಕು. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಸರ್ಕಾರಿ ಆಸ್ಪತ್ರೆಗಳು ಮುಂದಿನ ಲಸಿಕೆಯ ದಿನದಿಂದಲೇ ಇದನ್ನು ಶುರುಮಾಡಲಿ.